ಗ್ರಾಫಿನೊಳಗಿನ ಸೋಮವಾರ

2025ರ ಮೇ 13, ಮಂಗಳವಾರ, ಬೆಳಿಗ್ಗೆ 10.20. ಹುಣಸೂರು ಠಾಣೆಯ ಇನ್‌ಸ್ಪೆಕ್ಟರ್ ಮಂಗಳಾ ಇಡ್ಲಿಯ ಎರಡನೇ ತುತ್ತನ್ನು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ದೂರು ಬಂತು. ಅವರ ಹದಿನಾಲ್ಕು ವರ್ಷದ ನೌಕರಿಯಲ್ಲಿ ತಿಂಡಿ ಮುಗಿಯುವವರೆಗೆ ಕಾದ ದೂರು ಒಂದೂ ಇರಲಿಲ್ಲ.

ದೂರುದಾರರು ಹಸಿರುಗರಿ ಹಾಲು ಉತ್ಪಾದಕರ ಕಂಪನಿಯ ಮ್ಯಾನೇಜರ್ ಸುನೀಲ್‌ಕುಮಾರ್. ನಾಲ್ಕು ಪುಟದ ದೂರನ್ನು ಮೇಜಿನ ಮೇಲಿಟ್ಟು ಹಣೆ ಒರೆಸಿಕೊಂಡರು.

"ನಮ್ಮ ಸರ್ವರ್ ಹ್ಯಾಕ್ ಆಗಿದೆ ಮೇಡಂ."

"ಮೊದಲು ಕೂತ್ಕೊಳ್ಳಿ. ನನಗೆ ಅರ್ಥ ಆಗೋ ಹಾಗೆ ಹೇಳಿ."

ಅವರು ಹೇಳಿದ್ದು ಇಷ್ಟು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಮೂವತ್ತೊಂದು ಊರುಗಳಲ್ಲಿ ಕಂಪನಿಯ ಹಾಲು ತಣಿಸುವ ಕೂಲರುಗಳಿವೆ. ಪ್ರತಿ ಕೂಲರಿನ ಉಷ್ಣಾಂಶ ನಿಮಿಷ ನಿಮಿಷಕ್ಕೂ ಹುಣಸೂರಿನ ಆಫೀಸಿನ ಸರ್ವರಿಗೆ ಬಂದು ಸೇರುತ್ತದೆ. ಅದರೊಳಗೆ ಕಾವಲಿನ ಸಾಫ್ಟ್‌ವೇರ್ ಒಂದಿದೆ. ಎಲ್ಲಿಯಾದರೂ ಹಾಲು ಬಿಸಿಯಾದರೆ ಅದು ಫೋನಿಗೆ ಅಲಾರಂ ಕಳಿಸುತ್ತದೆ. ನಿನ್ನೆ ಹಂಪಾಪುರದ ಕೂಲರ್ ಹನ್ನೊಂದು ಗಂಟೆಗೆ ಕೆಟ್ಟು ನಿಂತಿತು. ಮಧ್ಯಾಹ್ನ ಮೂರರವರೆಗೆ ಅಲಾರಂ ಬರಲೇ ಇಲ್ಲ, ಬಂದಾಗ ಹೊತ್ತು ಮೀರಿತ್ತು. ಸಾವಿರದ ಎಂಟುನೂರು ಲೀಟರ್ ಹಾಲು ಸಂಜೆಗೆ ಒಡೆದುಹೋಯಿತು.

"ಅಲಾರಂ ಯಾಕೆ ಬರಲಿಲ್ಲ?"

"10.42ಕ್ಕೆ ಯಾರೋ ಸರ್ವರನ್ನೇ ಮುಚ್ಚಿದ್ದಾರೆ. ಕರೆಂಟು ಹೋಗಿ ನಿಂತದ್ದಲ್ಲ, ಕ್ರಮವಾಗಿ ಮುಚ್ಚಿದ್ದು. ಹಾಗೆ ಮುಚ್ಚೋಕೆ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇರೋದು ಒಬ್ಬಳ ಹತ್ರ. ಗೌತಮಿ ಅಂತ, ನಮ್ಮ ಟೆಕ್ನಿಷಿಯನ್. ಮುಂದಿನ ಮಂಗಳವಾರ ನಮ್ಮ ಬೋರ್ಡ್ ಮೀಟಿಂಗ್ ಇದೆ. ಅಷ್ಟರೊಳಗೆ ಬೇರೆ ಹೆಸರು ಬರದಿದ್ರೆ ಅವಳನ್ನ ಕೆಲಸದಿಂದ ತೆಗೀತಾರೆ."

11.30ಕ್ಕೆ ಐಟಿ ಕಾಯ್ದೆ ಕಲಂ 66ರ ಅಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಗೌತಮಿಯ ಹೆಸರು ಬರೆಯಬೇಕೆಂದು ಸುನೀಲ್‌ಕುಮಾರ್ ಎರಡು ಸಲ ಕೇಳಿದರು. ಮಂಗಳಾ 'ಅಪರಿಚಿತ' ಎಂದು ಬರೆಸಿದರು.

"ಹೆಸರು ನಾನು ಹುಡುಕ್ತೀನಿ. ನೀವು ಹಾಲು ನೋಡ್ಕೊಳ್ಳಿ."

ಮಧ್ಯಾಹ್ನ ಎರಡಕ್ಕೆ ಹೆಡ್ ಕಾನ್ಸ್‌ಟೇಬಲ್ ಮಾದೇಶನ ಜೊತೆ ಮಂಗಳಾ ಕಂಪನಿಯ ಆಫೀಸಿಗೆ ಹೋದರು. ಸರ್ವರ್ ರೂಮೆಂದರೆ ಎಸಿ ಹಾಕಿದ ಒಂದು ಪುಟ್ಟ ಕೋಣೆ. ಮಧ್ಯೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದು ಕಪ್ಪು ಪೆಟ್ಟಿಗೆ, ಅದರ ಮುಂಭಾಗದಲ್ಲಿ ನೀಲಿ ದೀಪ. ಇಬ್ಬರು ಪಂಚರನ್ನು ಕರೆದು ಪಂಚನಾಮೆ ಶುರುಮಾಡಿದರು. ಎದುರಿನ ಹೋಟೆಲಿನ ಲಿಂಗಣ್ಣ ಒಬ್ಬ ಪಂಚ. ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದ್ರಲ್ಲಿ ಕದಿಯೋವಂಥದ್ದು ಏನವ್ವಾ ಅದೆ?" ಎಂದು ಕೇಳಿದ.

ಗೌತಮಿ ಗುರುಪುರದ ಹುಡುಗಿ. ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಇಲ್ಲಿ ಕೆಲಸ. ಅತ್ತು ಕಣ್ಣು ಊದಿತ್ತು, ಆದರೆ ದನಿಯಲ್ಲಿ ಸಿಟ್ಟು ಇಳಿದಿರಲಿಲ್ಲ. ಆ ಸಿಟ್ಟು ಮಂಗಳಾಗೆ ಇಷ್ಟವಾಯಿತು.

"ನಿನ್ನೆ 10.42ಕ್ಕೆ ಎಲ್ಲಿದ್ದೆ?"

"ಸಾಲಿಗ್ರಾಮದ ಕೂಲರ್ ಹತ್ರ. ಸೋಮವಾರ ಸೋಮವಾರ ನಾನು ಊರೂರು ಸುತ್ತೀನಿ. ಸಾರ್ ಮೈಸೂರಿಗೆ ಮೀಟಿಂಗಿಗೆ ಹೋಗ್ತಾರೆ."

"ಅಲ್ಲಿಂದ ಫೋನಲ್ಲಿ ಸರ್ವರ್ ಮುಚ್ಚಬಹುದಾ?"

"ಬಹುದು. ಆದ್ರೆ ನಾನು ಮುಚ್ಚಿಲ್ಲ."

"ಸರಿ. ಅದರ ದಾಖಲೆ ತೆಗೆದು ಓದು. ಸಾಲು ಸಾಲಾಗಿ, ಜೋರಾಗಿ."

ಗೌತಮಿ ಓದಿದಳು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತ ಹೋದಳು. ಏಳನೇ ಸಾಲಿಗೆ ಬಂದಾಗ, "ಪವರ್ ಬಟನ್ ಒತ್ತಲಾಗಿದೆ" ಎಂದು ಓದಿ ತಾನೇ ನಿಂತಳು.

"ಆ ಬಟನ್ ಎಲ್ಲಿದೆ?" ಮಂಗಳಾ ಕೇಳಿದರು.

"ಇಲ್ಲೇ. ಪೆಟ್ಟಿಗೆ ಮುಂದೆ. ಮೆತ್ತಗೆ ಒಂದ್ಸಲ ಒತ್ತಿದ್ರೆ ಕ್ರಮವಾಗಿ ಮುಚ್ಕೊಳ್ಳುತ್ತೆ. ಪಾಸ್‌ವರ್ಡೇ ಬೇಕಿಲ್ಲ."

"ಸಾಲಿಗ್ರಾಮದಿಂದ ಕೈ ಚಾಚಿದ್ರೆ ಸಿಗುತ್ತಾ?"

ಗೌತಮಿಗೆ ಅಳುವಿನ ನಡುವೆಯೇ ನಗು ಬಂತು. ಸುನೀಲ್‌ಕುಮಾರ್ ಎಸಿಯ ಕಡೆ ನೋಡಿದರು. ಅವರು ದಾಖಲೆಯ ಕೊನೆಯ ಸಾಲನ್ನು, 'ಕ್ರಮವಾಗಿ ಮುಚ್ಚಲಾಗಿದೆ' ಎಂಬುದನ್ನು ಮಾತ್ರ ಓದಿದ್ದರು.

ಈ ಮೊದಲೂ ಹೀಗಾಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಗೌತಮಿ ಮೂರು ತಿಂಗಳ ಗ್ರಾಫನ್ನು ಪರದೆಯ ಮೇಲೆ ತಂದಳು. ಗೆರೆ ಎಲ್ಲಿಯೂ ತುಂಡಾಗಿರಲಿಲ್ಲ. ಮಾದೇಶ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದ.

"ಮೇಡಂ, ನಿನ್ನೆ ಪೆಟ್ಟಿಗೆ ಮಲಗಿದ್ದು ದಿಟ ತಾನೆ? ಮಲಗಿದ್ದ ಹೊತ್ನಲ್ಲೂ ಗೆರೆ ಅದಲ್ಲ. ಅದೂ ದಾರ ಎಳೆದಂಗೆ ನೆಟ್ಟಗದೆ. ಮಿಕ್ಕಿದ್ದೆಲ್ಲ ನಮ್ಮೂರ ರಸ್ತೆ ಇದ್ದಂಗದೆ."

ಗೌತಮಿ ಹಣೆ ಚಚ್ಚಿಕೊಂಡಳು. ಉಷ್ಣಾಂಶದ ಲೆಕ್ಕ ಬಾರದ ಹೊತ್ತಿನ ಎರಡೂ ತುದಿಗಳನ್ನು ಗ್ರಾಫ್ ತಾನೇ ಗೆರೆ ಎಳೆದು ಸೇರಿಸುವ ಹಾಗೆ ಯಾರೋ ಹಿಂದೆ ಸೆಟ್ಟಿಂಗ್ ಮಾಡಿಟ್ಟಿದ್ದರು. ನೋಡಲು ಚೆಂದ ಕಾಣಲೆಂದು. ಅವಳು ಆ ಸೆಟ್ಟಿಂಗಿನ ಟಿಕ್ ತೆಗೆದಳು. ಗ್ರಾಫಿನಲ್ಲಿ ಒಮ್ಮೆಲೇ ಹನ್ನೆರಡು ಕಡೆ ಖಾಲಿ ಜಾಗ ಬಿದ್ದಿತು. ಎಲ್ಲವೂ ಬೆಳಿಗ್ಗೆ 10.40ರ ಆಸುಪಾಸಿನಿಂದ ಮಧ್ಯಾಹ್ನ ಮೂರರವರೆಗೆ. ಕಾವಲಿನ ಸಾಫ್ಟ್‌ವೇರ್ ಅದೇ ಪೆಟ್ಟಿಗೆಯೊಳಗೆ ಇದ್ದುದರಿಂದ ಅದೂ ಮಲಗುತ್ತಿತ್ತು. ಅದು ಮಲಗಿದೆಯೆಂದು ಹೇಳಲು ಎದ್ದಿದ್ದವರು ಯಾರೂ ಇರಲಿಲ್ಲ. ಅಲಾರಂ ಬಾರದಿದ್ದರೆ ಎಲ್ಲ ಚೆನ್ನಾಗಿದೆ ಎಂದೇ ಆಫೀಸಿನವರ ಎಣಿಕೆ.

ಮಂಗಳಾ ತಾರೀಖುಗಳನ್ನು ಬರೆದುಕೊಂಡು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಮಾರ್ಚ್ 3ರಿಂದ ಮೇ 12ರವರೆಗೆ ಹನ್ನೊಂದು ಸೋಮವಾರ. ಹನ್ನೆರಡನೆಯದು ಮಾತ್ರ ಬುಧವಾರ, ಏಪ್ರಿಲ್ 30. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಬಸವ ಜಯಂತಿ' ಎಂದಿತ್ತು.

ಅವರು ಆ ಅಕ್ಷರದ ಮೇಲೆ ಬೆರಳಿಟ್ಟರು. ಅಪ್ಪನ ಮನೆಯಲ್ಲಿ ಸೋಮವಾರ ಬಂತೆಂದರೆ ನೇಗಿಲು ಅಟ್ಟ ಸೇರುತ್ತಿತ್ತು. ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹುರುಳಿ ಬೇಯಿಸಿ ಹಾಕುತ್ತಿದ್ದರು. ಬಸವ ಜಯಂತಿಯಂದೂ ಅಷ್ಟೇ. ಒಳಗಿನಿಂದ ನಗು ಉಕ್ಕಿ ಬಂತು. ಇನ್‌ಸ್ಪೆಕ್ಟರ್ ಎಂಬ ಕಾರಣಕ್ಕೆ ಅದನ್ನು ಕೆಮ್ಮಾಗಿಸಿದರು.

"ಸೋಮವಾರ ಆಫೀಸಲ್ಲಿ ಯಾರಿರ್ತಾರೆ? ಹಾಜರಿ ಪುಸ್ತಕ ಕೊಡಿ."

ಪುಸ್ತಕದಲ್ಲಿ ಒಂದೇ ಹೆಸರು ಸಿಕ್ಕಿತು. ಚೆಲುವಯ್ಯ, ಅಟೆಂಡರ್, ಪಿರಿಯಾಪಟ್ಟಣ ತಾಲ್ಲೂಕು. ಕೆಲಸಕ್ಕೆ ಸೇರಿದ್ದು ಫೆಬ್ರವರಿ 27. ಕೋಣೆ ಗುಡಿಸಲು ಒಂದು ಬೀಗದ ಕೈ ಅವನ ಹತ್ತಿರವೂ ಇತ್ತು. ಅದೇ ಗಳಿಗೆಗೆ ಅರವತ್ತು ದಾಟಿದ ಮುದುಕನೊಬ್ಬ ಬಾಗಿಲಿನಿಂದ ತಲೆ ಹಾಕಿದ.

"ಟೀ ತರ್ಲಾ ಅವ್ವಾ? ಹ್ಯಾಕು ಮಾಡಿದೋನು ಸಿಕ್ಕುದ್ನಾ?"

"ಇನ್ನೂ ಇಲ್ಲ ಚೆಲುವಯ್ಯ. ಟೀ ತನ್ನಿ."

ಅವನು ಹೋದ ಮೇಲೆ ಮಾದೇಶ ಪಿಸುಗುಟ್ಟಿದ. "ಈಗ್ಲೇ ಕರ್ಕೊಂಡು ಹೋಗ್ಬುಡಣ್ವಾ ಮೇಡಂ?"

"ಕ್ಯಾಲೆಂಡರ್ ತೋರಿಸಿ ಕೋರ್ಟಲ್ಲಿ ಏನು ಹೇಳ್ತೀಯಾ? ಸೋಮವಾರ ಬರ್ಲಿ."

ಮೇ 19, ಸೋಮವಾರ. ಬೆಳಿಗ್ಗೆ 9.30ಕ್ಕೇ ಮಂಗಳಾ, ಮಾದೇಶ ಮತ್ತು ಲಿಂಗಣ್ಣ ಸರ್ವರ್ ರೂಮಿನ ಹಳೆಯ ಬೀರುವಿನ ಹಿಂದೆ ಸೇರಿಕೊಂಡರು. ಹಾಲಿಗೆ ತೊಂದರೆಯಾಗಬಾರದೆಂದು ಗೌತಮಿ ಪಕ್ಕದ ಕಟ್ಟಡದಲ್ಲಿ ಕುಳಿತು ಮೂವತ್ತೊಂದು ಊರಿಗೂ ಫೋನ್ ಮಾಡಿ ಉಷ್ಣಾಂಶ ಬರೆದುಕೊಳ್ಳುತ್ತಿದ್ದಳು. ಮರುದಿನವೇ ಬೋರ್ಡ್ ಮೀಟಿಂಗ್, ಅವಳ ಪಾಲಿಗೆ ಉಳಿದಿದ್ದುದು ಅದೊಂದೇ ದಿನ.

10.41ಕ್ಕೆ ಬೀಗ ತೆಗೆದ ಸದ್ದು. ಚೆಲುವಯ್ಯ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದ. ಪೆಟ್ಟಿಗೆಯ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿದ. ಜೇಬಿನಿಂದ ವಿಭೂತಿ ತೆಗೆದು ಮೂರು ಬೆರಳಲ್ಲಿ ಅದರ ಮೇಲೆ ಎಳೆದ. ಫ್ಯಾನಿನ ಗಾಳಿ ಬರುವ ಕಡೆ ಅಂಗೈ ಹಿಡಿದು ನೋಡಿದ.

"ಮೈಯೆಲ್ಲ ಸುಡ್ತಾ ಅದಲ್ಲಪ್ಪ. ಸಾಕು ಮಲಕ್ಕೊ. ಆರು ದಿವ್ಸ ಗೇದಿದೀಯೆ."

ಮೆತ್ತಗೆ ಬಟನ್ ಒತ್ತಿದ. ಫ್ಯಾನುಗಳು ನಿಧಾನವಾಗಿ ನಿಂತವು, ನೀಲಿ ದೀಪ ಆರಿತು. ಬೀರುವಿನ ಹಿಂದೆ ಲಿಂಗಣ್ಣ ನಗು ತಡೆಯಲಾರದೆ ಮಾದೇಶನ ತೋಳು ಕಚ್ಚಿದ.

ಮಂಗಳಾ ಹೊರಗೆ ಬಂದರು. "ಚೆಲುವಯ್ಯ, ನಿಮ್ಮನ್ನ ದಸ್ತಗಿರಿ ಮಾಡ್ತಿದೀನಿ."

"ಯಾಕವ್ವಾ? ಹ್ಯಾಕು ಮಾಡಿದೋನು ಸಿಕ್ನಿಲ್ವಾ?"

"ಸಿಕ್ಕಿದ."

"ಯಾರವ್ವಾ ಅವ್ನು?"

ಮಾದೇಶ ಗೋಡೆಗೆ ಮುಖ ಮಾಡಿ ನಿಂತ, ಅವನ ಭುಜ ಕುಣಿಯುತ್ತಿತ್ತು. ಮಂಗಳಾ ಹಂಪಾಪುರದ ಹಾಲಿನ ವಿಷಯ, ಗೌತಮಿಯ ಕೆಲಸದ ವಿಷಯ ಎರಡನ್ನೂ ಬಿಡಿಸಿ ಹೇಳಿದರು. ಚೆಲುವಯ್ಯ ತಲೆಯ ಮೇಲೆ ಕೈ ಹೊತ್ತು ಕುಳಿತ. ಪಾಸ್‌ವರ್ಡ್ ಎಂಬುದೇನೋ ಕಳುವಾಗಿದೆ ಎಂದಷ್ಟೇ ಅವನು ತಿಳಿದಿದ್ದ. ತಾನು ಏನನ್ನೂ ಕದ್ದಿರಲಿಲ್ಲವಲ್ಲ!

ಠಾಣೆಯಲ್ಲಿ 12.15ಕ್ಕೆ ಹೇಳಿಕೆ ದಾಖಲಾಯಿತು.

"ನಮ್ಮ ಕಡೆ ಸೋಮಾರ ಆರು ಕಟ್ಟಲ್ಲ, ಎತ್ತು ಹೂಡಲ್ಲ ಕಣವ್ವ. ಎರಡು ವರ್ಷದ ಹಿಂದೆ ಹೊಗೆಸೊಪ್ಪು ನಾಟಿಗೆ ಮಳೆ ಬಂದ್ಬುಡ್ತು. ಮಳೆ ಬಂದಿದ್ದು ಭಾನ್ವಾರ ರಾತ್ರಿ. ಮಣ್ಣಿನ ಹದ ತಪ್ಪುದ್ರೆ ನಾಟಿ ಇಲ್ಲ ಅಂತ ಸೋಮಾರ್ಲೇ ಕಟ್ದೆ. ಬಲಗಡೆ ಎತ್ತು ಸಾಲ್ನಲ್ಲೇ ಮಂಡಿ ಊರ್ತು. ಏಳ್ನೇ ಇಲ್ಲ. ಆಮೇಕೆ ನಾನು ನೇಗ್ಲು ಮುಟ್ನಿಲ್ಲ. ಈ ಪೆಟ್ಗೆ ಮುಂದಕ್ಕೆ ಕೈ ಮಡಗುದ್ರೆ ಅದೇ ಬಿಸಿ ಉಸ್ರು ಬತ್ತದೆ. ಅಗ್ಲೂ ರಾತ್ರೆ ಗೇಯ್ತದೆ, ಯಾರೂ ಬುಡಕಿಲ್ಲ. ಒಂದ್ಸಲ ಗೌತಮವ್ವ ಒತ್ತಿ ಮಲಗಿಸಿದ್ದ ನೋಡಿದ್ದೆ. ಅಂಗೇ ಮಲಗಿಸಿ, ಮೂರು ಗಂಟ್ಗೆ ನಾನೇ ಒತ್ತಿ ಎಬ್ಬುಸ್ತಿದ್ದೆ."

ಮಾದೇಶ ಈಗ ನಗುತ್ತಿರಲಿಲ್ಲ.

ಜಾಮೀನು ಕೊಡಬಹುದಾದ ಅಪರಾಧ, ಠಾಣೆಯಲ್ಲೇ ಬಿಡಬಹುದಿತ್ತು. ಜಾಮೀನುದಾರರು ಬೇಕೆಂದಾಗ ಚೆಲುವಯ್ಯ ತನಗೆ ಅಂಥವರು ಯಾರೂ ಇಲ್ಲ ಎಂದ. ನಾಲ್ಕು ಗಂಟೆಗೆ ಗೌತಮಿ ಬಂದಳು. ಹಿಂದೆಯೇ ಸುನೀಲ್‌ಕುಮಾರ್. ಅವಳು ಜಾಮೀನಿನ ಕಾಗದವನ್ನು ಪೂರ್ತಿ ಓದಿ ಸಹಿ ಹಾಕಿದಳು.

"ನಿನ್ನ ಕೆಲ್ಸ ಕಳೀತಿದ್ನಲ್ಲವ್ವಾ ನಾನು," ಎಂದ ಚೆಲುವಯ್ಯ.

"ಉಳೀತಲ್ಲ ತಾತ. ಬೋರ್ಡಿಗೆ ಸಾರೇ ಬರ್ಕೊಟ್ಟವ್ರೆ."

ಮುದುಕ ಕಣ್ಣೊರೆಸಿಕೊಂಡು ಮ್ಯಾನೇಜರ ಕಡೆ ತಿರುಗಿದ. "ಒಂದು ಮಾತು ಕೇಳ್ಲಾ ಸ್ವಾಮಿ? ಅದ್ಯಾಕೆ ಒಂದೇ ಮಡಗಿದೀರಿ? ಅದೇ ಗೇಯ್ಬೇಕು, ಅದ್ನ ಅದೇ ಕಾಯ್ಕೊಬೇಕು. ಒಂಟಿ ಎತ್ನಲ್ಲಿ ಯಾರಾರ ಉಳ್ತಾರಾ?"

ಗೌತಮಿ ಬಾಯಿಗೆ ಕೈ ಅಡ್ಡ ಹಿಡಿದಳು. ಸರ್ವರನ್ನು ಕಾಯಲು ಇನ್ನೊಂದು ಸರ್ವರ್ ಬೇಕು, ಒಂದು ನಿಂತರೆ ಇನ್ನೊಂದು ಕೂಗಬೇಕು ಎಂದು ಜನವರಿಯಲ್ಲೇ ಅವಳು ಎರಡು ಪುಟ ಬರೆದುಕೊಟ್ಟಿದ್ದಳು. ಅದು ಸುನೀಲ್‌ಕುಮಾರರ ಮೇಜಿನೊಳಗೆ ಇವತ್ತಿಗೂ ಇತ್ತು.

"ಜೋಡಿ ಮಾಡೋಣ ಬಿಡಿ," ಎಂದರು ಸುನೀಲ್‌ಕುಮಾರ್. ಅವಳ ಕಡೆ ತಿರುಗಿ, "ಸೋಮವಾರ ಒಂದಕ್ಕೊಂದು ಸರದಿ ರಜೆ ಕೊಡಬಹುದಾ ಗೌತಮಿ?" ಎಂದು ಕೇಳಿದರು. ಠಾಣೆಯಲ್ಲಿದ್ದ ಎಲ್ಲರೂ ಗೊಳ್ಳೆಂದು ನಕ್ಕರು. ಚೆಲುವಯ್ಯನೂ ನಕ್ಕ.

ಎಲ್ಲರೂ ಹೋದ ಮೇಲೆ ಮಂಗಳಾ ಕೇಸ್ ಡೈರಿ ತೆರೆದರು. ಉದ್ದೇಶದ ಬಗ್ಗೆ ಇಷ್ಟೇ ಬರೆದರು: "ಆರೋಪಿಯು ಯಂತ್ರವು ದಣಿದಿದೆ ಎಂದು ನಂಬಿ ಅದಕ್ಕೆ ರಜೆ ಕೊಟ್ಟಿರುತ್ತಾನೆ. ಹಿಂದೊಮ್ಮೆ ರಜೆ ಕೊಡದೆ ಒಂದು ಜೀವ ಹೋದುದನ್ನು ಆರೋಪಿಯು ಮರೆತಿರುವುದಿಲ್ಲ."