ಶಿವನೆ ಹೂವಿನ ಬಾಯಾರಿಕೆ

“ಅದಕ್ಕೆ ಮಾತ್ರ ನೀರು ಮುಟ್ಟಿಸಬೇಡಿ ಅಮ್ಮಾ,” ಎಂದ ಹಾಳೆ ಹೊಲಿಯುವ ಅಜ್ಜ. “ಮುಟ್ಟಿಸಿದವರಿಗೆ ಏನೂ ಆಗಲ್ಲ. ಅವರಿಗೆ ಬೇಕಾದವರು ಒಣಗ್ತಾರೆ.”

ಹೊಸದಾಗಿ ಸೇರಿದ್ದ ಸಂಶೋಧಕಿ ನಕ್ಕುಬಿಟ್ಟಳು. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಹೊಲಿದು ಕಪಾಟುಗಳಲ್ಲಿ ಕಾಪಾಡುವ ಆ ಕಟ್ಟಡಕ್ಕೆ ಅವಳು ಬಂದು ಇಪ್ಪತ್ತು ದಿನವಾಗಿತ್ತು. ಶಿವನೆ ಮರ ಮತ್ತು ಅದರ ದಾಯಾದಿ ಪೊದೆಗಳು, ಅಂದರೆ ಪುದೀನ, ತುಳಸಿಗಳ ಬಳಗಕ್ಕೇ ಸೇರಿದ ಬಿಸಿನಾಡಿನ ಗಿಡಗಳು, ಅವಳ ಪಾಲಿಗೆ ಬಂದಿದ್ದವು. ಒಂದೊಂದನ್ನೂ ಗುರುತಿಸಿ ಹೆಸರು ಬರೆಯಬೇಕು. ಉಳಿದದ್ದು ಇದೊಂದೇ ಹಾಳೆ. ಒಂದು ಮುಳ್ಳಿನ ರೆಂಬೆ, ತುದಿಯಲ್ಲಿ ಸುಟ್ಟ ಕಾಗದದ ಬಣ್ಣದ ಒಂದೇ ಹೂವು. ರೆಂಬೆಯ ಸುತ್ತ ಏಳು ಗಂಟಿನ ಕರಿದಾರ. ಅದು ಅಜ್ಜ ಹೊಲಿದ ದಾರವಲ್ಲ, ಗಿಡದ ಜೊತೆಗೇ ಬಂದದ್ದು. ಯಾರನ್ನೋ ಒಣಗಿಸಿ ಕೊಲ್ಲಬೇಕೆಂದು ಯಾರೋ ಆ ಪೊದೆಗೆ ಮಾಟ ಮಾಡಿಸಿದ್ದರಂತೆ. ಅದನ್ನರಿಯದ ಇನ್ಯಾರೋ ರೆಂಬೆ ಮುರಿದು ಇಲ್ಲಿಗೆ ತಂದರಂತೆ.

ಅಜ್ಜ ಸೂಜಿ ಹಿಡಿದುಕೊಂಡೇ ನಿಂತಿದ್ದ. “ಇನ್ನೊಂದು ಮಾತಿದೆ. ಅಕಸ್ಮಾತ್ ಮುಟ್ಟಿಸಿದ್ರೆ...”

“ಅದನ್ನ ನಾಳೆ ಹೇಳಿ ಅಜ್ಜಾ. ಪಾಪ, ಇವತ್ತು ಇದಕ್ಕೊಂದು ಹೆಸರಿಡ್ತೀನಿ.”

ಅಜ್ಜ ಬುತ್ತಿ ಎತ್ತಿಕೊಂಡು ಊಟಕ್ಕೆ ಹೋದ.

ಒಳಗಿನ ಕೇಸರಗಳನ್ನು ನೋಡದೆ ಹೆಸರು ಹೇಳುವಂತಿರಲಿಲ್ಲ. ಒಣಗಿದ ಹೂವನ್ನು ಹಾಗೇ ಬಿಡಿಸಹೋದರೆ ಪುಡಿಯಾಗುತ್ತದೆ. ಬಿಸಿನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಅವಳ ಕಸುಬಿನವರೆಲ್ಲ ಮಾಡುವುದು ಇದನ್ನೇ. ಗಾಜಿನ ಬಟ್ಟಲಿಗೆ ಒಂದು ಚಮಚ ಬಿಸಿನೀರು ಹಾಕಿ, ಚಿಮಟದಲ್ಲಿ ಹೂವನ್ನು ಕಿತ್ತು ಅದರಲ್ಲಿ ಬಿಟ್ಟಳು.

ಬೆಳಕು ಬಿದ್ದರೆ ಗಿಡಗಳ ಬಣ್ಣ ಹೋಗುತ್ತದೆಂದು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದರು. ನಡುಮಧ್ಯಾಹ್ನದಲ್ಲೂ ಕಪಾಟುಗಳ ಸಾಲಿನ ಆಚೆ ಕತ್ತಲೆ. ನುಸಿಗುಳಿಗೆಯ ಘಾಟು. ಮೇಜಿನ ದೀಪವೊಂದೇ ಗುಂಯ್‌ಗುಡುತ್ತಿತ್ತು.

ಫೋನ್ ಬಂತು. ಎರಡು ಬೀದಿ ಆಚೆಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಗಂಡ.

“ಏನೇ, ಪಲ್ಯಕ್ಕೆ ಉಪ್ಪು ಸುರಿದಿದ್ದೀಯಾ? ಬಾಟಲಿ ಪೂರ್ತಿ ಕುಡಿದೆ, ದಾಹ ಹೋಗ್ತಿಲ್ಲ.”

“ಉಪ್ಪು ಹಾಕಿದ್ದು ನೀವೇ ಅಲ್ವಾ ರೀ?”

“ಹಾಗಾದ್ರೆ ಪಲ್ಯ ಚೆನ್ನಾಗೇ ಇತ್ತು ಬಿಡು.”

ಅವಳು ನಗುತ್ತಲೇ ಬಟ್ಟಲಿನತ್ತ ಬಾಗಿದಳು. ಹೂವಿನ ಅಂಚು ಬಿಚ್ಚಿಕೊಂಡು, ಕಂದು ಕರಗಿ ಹಳದಿ ಮೂಡಿತ್ತು. ಕೊರಳೊಳಗೆ ಎರಡು ಉದ್ದ, ಎರಡು ಗಿಡ್ಡ, ನಾಲ್ಕು ಕೇಸರ. ಇಷ್ಟು ಚೆನ್ನಾಗಿ ಅರಳಿದ ಒಣಹೂವನ್ನು ಅವಳು ಕಂಡಿರಲಿಲ್ಲ. ಬರೆದುಕೊಳ್ಳಲು ಪೆನ್ನು ಎತ್ತಿದಳು. ಕೈ ಅಲ್ಲೇ ನಿಂತಿತು.

ಹಾಕಿದ್ದು ಒಂದು ಚಮಚ ನೀರು. ಈಗ ಬಟ್ಟಲು ಅರ್ಧ ತುಂಬಿತ್ತು.

ಮತ್ತೆ ಫೋನ್. ಸ್ಟಾಫ್ ರೂಮಿನ ಕೊಡ ಖಾಲಿ ಮಾಡಿದೆ ಎಂದ ಅವನು. ಈ ಸಲ ದನಿಯಲ್ಲಿ ನಗು ಇರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ಚಟಚಟ ಸದ್ದು ಕೇಳಿಸುತ್ತಿತ್ತು. ತುಟಿ ಒಡೆದರೂ ರಕ್ತ ಬರುತ್ತಿಲ್ಲವಂತೆ.

ಬಟ್ಟಲು ಅಂಚಿನವರೆಗೆ ತುಂಬಿತ್ತು. ನೀರಿನಿಂದ ವಾಸನೆ ಏಳುತ್ತಿತ್ತು. ಬೆವರಿನದು, ಸೀಮೆಸುಣ್ಣದ್ದು. ದಿನಾ ಸಂಜೆ ಅವನ ಅಂಗಿಯ ಕಾಲರಿಗೆ ಮೂಗು ಒತ್ತಿದಾಗ ಬರುವ ವಾಸನೆ ಅದು.

ಅವರಿಗೆ ಬೇಕಾದವರು ಒಣಗ್ತಾರೆ.

ನೀರು ಮುಟ್ಟಿಸಿದ್ದು ತಪ್ಪು. ಹಾಗಾದರೆ ಒಣಗಿಸಬೇಕು. ಓದಿದ್ದು ಅದನ್ನೇ, ಕಲಿತದ್ದು ಅದನ್ನೇ. ಚಿಮಟದಲ್ಲಿ ಹೂವನ್ನು ಎತ್ತಿದಳು. ಅದು ಮಗುವಿನ ಕಿವಿಯ ಹಾಗೆ ಬೆಚ್ಚಗಿತ್ತು. ಬಟ್ಟಲನ್ನು ಕೈತೊಳೆಯುವ ತೊಟ್ಟಿಗೆ ಬೋರಲು ಹಾಕಿದಳು. ನೀರು ಗುಟುಕು ಗುಟುಕಾಗಿ ಇಳಿಯಿತು. ಹೂವನ್ನು ಹೀರುಕಾಗದಗಳ ನಡುವೆ ಇಟ್ಟಳು. ಒತ್ತಿದಳು. ಒಣಗಿಸುವ ಪೆಟ್ಟಿಗೆಗೆ ತಳ್ಳಿದಳು. ಕಾವನ್ನು ಕೊನೆಯ ಗೆರೆಗೆ ತಿರುಗಿಸಿದಳು. ಕಾದಳು. ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು.

ಪೆಟ್ಟಿಗೆ ತೆರೆದಾಗ ಹೂವು ಮೊದಲಿನಂತೆಯೇ ಕಂದಾಗಿತ್ತು. ಅವಳಿಗೆ ಉಸಿರು ಬಂತು.

ಬಾಗಿಲಲ್ಲಿ ಅಜ್ಜ ನಿಂತಿದ್ದ. ಖಾಲಿ ಬಟ್ಟಲು ನೋಡಿದ. ಒದ್ದೆ ತೊಟ್ಟಿ ನೋಡಿದ. ಬುತ್ತಿಯನ್ನು ನಿಧಾನಕ್ಕೆ ನೆಲಕ್ಕಿಟ್ಟ.

“ಚೆಲ್ಲಿದ್ರಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಚೆಲ್ಲಬಾರದು ಅಂತಾನೇ ಹೇಳೋಕೆ ಹೊರಟಿದ್ದೆ ತಾಯಿ. ಆ ನೀರು ಅವರದೇ. ಅವರಿಗೇ ಕುಡಿಸಿದ್ರೆ ಉಳಿತಿದ್ರು.”

ಅವಳು ಬಟ್ಟಲನ್ನು ಎತ್ತಿಕೊಂಡು ಅಂಗೈ ಮೇಲೆ ಬೋರಲು ಹಿಡಿದು ಕೊಡವಿದಳು. ಒಂದು ಹನಿ ಬಿತ್ತು. ಒಂದೇ. ಬೆಚ್ಚಗಿತ್ತು. ಬೆರಳುಗಳನ್ನು ಮಡಚಿ ಓಡಿದಳು. ಮೆಟ್ಟಿಲು. ಗೇಟು. ಬಿಸಿಲು. ಒಂದು ಬೀದಿ. ಎದುರಿಗೆ ಬಂದವರಿಗೆ ಡಿಕ್ಕಿ ಹೊಡೆದಳು, ನಿಲ್ಲಲಿಲ್ಲ. ಎರಡನೇ ಬೀದಿ. ಮುಷ್ಟಿ ಸಡಿಲಿಸಲಿಲ್ಲ. ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು.

ಸ್ಟಾಫ್ ರೂಮಿನ ಬೆಂಚಿನ ಮೇಲೆ ಅವನನ್ನು ಮಲಗಿಸಿದ್ದರು. ಬೆಳಿಗ್ಗೆ ಅವಳೇ ಇಸ್ತ್ರಿ ಮಾಡಿದ ಅಂಗಿ ಈಗ ಅವನಿಗೆ ಎರಡು ಪಾಲು ದೊಡ್ಡದಾಗಿತ್ತು. ಕೈ ಹಾಳೆಯಷ್ಟು ಹಗುರ. ತುಟಿ ಇನ್ನೂ ತೆರೆದೇ ಇತ್ತು.

ಅವಳು ಮಂಡಿಯೂರಿ, ಆ ತುಟಿಯ ಮೇಲೆ ಮುಷ್ಟಿ ತಂದು ಬಿಚ್ಚಿದಳು.

ಅಂಗೈಯಲ್ಲಿ ನೀರಿರಲಿಲ್ಲ. ಉಪ್ಪಿನ ಒಂದು ಬಿಳಿ ಗೆರೆ ಇತ್ತು.