ಹತ್ತು ಅಂಕದ ಮನೆ

ಮೊಬೈಲ್ ಆ್ಯಪ್‌ನಲ್ಲಿ ಊರೂರಿನ ನಕ್ಷೆ ತುಂಬಿಸುವ ಕೆಲಸಕ್ಕೆ ಅಂಕ, ಪದಕ ಇಟ್ಟ ದಿನದಿಂದ ನಮ್ಮ ಸ್ವಯಂಸೇವಕರಿಗೆ ಮಾನ ಮರ್ಯಾದೆ ಉಳಿದಿಲ್ಲ. ಚನ್ನಗಿರಿಯ ಒಂದೇ ಬಸ್ ನಿಲ್ದಾಣವನ್ನು ಮೂರು ಸಲ ಗುರುತಿಸಿ ಮೂವತ್ತು ಅಂಕ ಹೊಡೆದ ಮಹಾನುಭಾವರಿದ್ದಾರೆ. ಇಂಥವರ ಸುಳ್ಳುಗಳನ್ನು ಹುಡುಕಿ ಅಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಸಾಸ್ವೆಹಳ್ಳಿಯ ಹೊಲವೊಂದರ ನಡುವೆ ಯಾರೋ ಒಂದು ಮನೆ ಗುರುತಿಸಿದ್ದರು. ಗುರುತಿಸಿದವರ ಹೆಸರಿನ ಜಾಗ ಖಾಲಿಯಿತ್ತು. ಆದರೆ ಹೆಸರಿಲ್ಲದೆ ಆ ಆ್ಯಪ್ ಏನನ್ನೂ ಸ್ವೀಕರಿಸುವುದಿಲ್ಲ. ಕಳ್ಳನನ್ನು ಹಿಡಿಯುವ ಹುರುಪಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿಗೆ ಹೋದೆ.

ಬೇವಿನ ಮರದ ಕೆಳಗೆ ಮೊಣಕಾಲೆತ್ತರದ ಗೋಡೆ, ಒಳಗೊಂದು ಹಳೇ ಒಲೆ. ಒಲೆಯೊಳಗೆ ಹುಲ್ಲು ಬೆಳೆದಿತ್ತು. ನೆರಳಿನಲ್ಲಿದ್ದರೂ ಅದರ ಕಲ್ಲು ಕೈ ಸುಡುತ್ತಿತ್ತು. ನನ್ನ ಬೆನ್ನ ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳಿತು. ತಿರುಗಿದರೆ ಮತ್ತೆ ಬೆನ್ನ ಹಿಂದೆಯೇ.

ಪಕ್ಕದ ಹೊಲದ ದಾಸಪ್ಪನವರು ಬದುವಿನಾಚೆಯೇ ನಿಂತಿದ್ದರು. ಈ ಮನೆಯನ್ನು ನಕ್ಷೆಯಿಂದ ತೆಗೆಯುತ್ತೇನೆ ಎಂದೆ.

"ತೆಗಿಯಾಕೆ ಹೋಗಬ್ಯಾಡ್ರಿ. ಊಟದ ಹೊತ್ತೈತೆ, ಒಳಗೆ ಇರ್ತಾರೆ," ಎಂದರು.

ಇಂಥ ಮಾತನ್ನೆಲ್ಲ ನಾನು ನಂಬುವವನಲ್ಲ. 'ಸ್ಥಳಕ್ಕೆ ಹೋಗಿ ನೋಡಿದೆ, ಯಾರೂ ಇಲ್ಲ' ಎಂದು ಕಾರಣ ಬರೆದು ಮನೆಯನ್ನು ಅಳಿಸಿದೆ. ಹತ್ತು ಅಂಕ ಬಂತು. ಬೇಡವೆನ್ನಲಿಲ್ಲ.

ಮೂರನೇ ದಿನ ಸಂಜೆ ನೋಡಿದರೆ, ಚನ್ನಗಿರಿಯ ನನ್ನ ಮನೆಯೇ ನಕ್ಷೆಯಲ್ಲಿ ಇರಲಿಲ್ಲ. ಅಳಿಸಿದವರ ಹೆಸರಿನ ಜಾಗ ಖಾಲಿ. ಕಾರಣ ಮಾತ್ರ ಬರೆದಿತ್ತು: 'ಸ್ಥಳಕ್ಕೆ ಹೋಗಿ ನೋಡಿದೆ, ಯಾರೂ ಇಲ್ಲ.' ಅಳಿಸಿದ ಸಮಯ, ಅಂದೇ ಮಧ್ಯಾಹ್ನ ಒಂದು ಗಂಟೆ.

ಆ ಹೊತ್ತಿನಲ್ಲಿ ನಾನೂ ನನ್ನ ಹೆಂಡತಿ ಶಾಂತಲಾಳೂ ಬಾಗಿಲು ತೆರೆದಿಟ್ಟುಕೊಂಡು ನಡುಮನೆಯಲ್ಲಿ ಊಟಕ್ಕೆ ಕೂತಿದ್ದೆವು.