ಏಳನೇ ಹಾಸಿಗೆಯ ಬಿಸಿ

ನಂಬಿ ಎಂದು ಒತ್ತಾಯ ಮಾಡುವಷ್ಟು ತ್ರಾಣ ನನಗಿಲ್ಲ, ಆದದ್ದನ್ನು ಹೇಳುತ್ತೇನೆ.

ನಾನು ಮೂವತ್ತು ವರ್ಷ ನರ್ಸ್ ಆಗಿದ್ದವಳು. ಏಳನೇ ಹಾಸಿಗೆಯ ಮುದುಕರನ್ನು ತಮ್ಮ ಹೊಸ ಚಿಕಿತ್ಸೆಯಿಂದ ನೂರು ದಿನ ಬದುಕಿಸಿ ಹೆಸರು ಮಾಡಬೇಕೆಂಬುದು ನಮ್ಮ ದೊಡ್ಡ ಡಾಕ್ಟರ ಹಟ. ಬೆನ್ನು ಹುಣ್ಣಾಗದಿರಲೆಂದು ಎರಡೆರಡು ಗಂಟೆಗೊಮ್ಮೆ ನಾನು ಅವರ ಮಗ್ಗುಲು ಬದಲಿಸುತ್ತಿದ್ದೆ. ಪ್ರತಿ ಸಲವೂ ಅವರದು ಒಂದೇ ಮಾತು: "ಸಾಕು ತಾಯಿ, ನನ್ನ ಬಿಟ್ಬಿಡಿ ಅಂತ ಡಾಕ್ಟ್ರಿಗೆ ಹೇಳಮ್ಮ."

ನಾನು ಹೇಳಲಿಲ್ಲ. ಹೆಡ್ ನರ್ಸ್ ಕುರ್ಚಿ ಖಾಲಿಯಿತ್ತು. 'ರೋಗಿಯ ಒಪ್ಪಿಗೆ ಇದೆ' ಎಂದು ದಿನಾ ಬರೆದೆ. ನೂರಾ ಒಂದನೇ ದಿನ ಅವರು ತೀರಿಕೊಂಡರು. ಡಾಕ್ಟರಿಗೆ ಹೆಸರು ಬಂತು, ನನಗೆ ಕುರ್ಚಿ.

ಅವರು ತೀರಿಕೊಂಡ ಮರುದಿನ ಬೆಳಿಗ್ಗೆ ಹತ್ತಕ್ಕೆ ಆ ಖಾಲಿ ಹಾಸಿಗೆಯ ಎಡಗಡೆ ಬೆಚ್ಚಗಿತ್ತು. ಹನ್ನೆರಡಕ್ಕೆ ಬಲಗಡೆ. ಆಯಾಳನ್ನು ಕರೆದು ಮುಟ್ಟಿಸಿದೆ.

"ಈಗಷ್ಟೇ ಯಾರೋ ಎದ್ದು ಹೋದ ಹಾಗಿದೆ ಅಕ್ಕಾ," ಎಂದು ಕೈ ಒರೆಸಿಕೊಂಡಳು.

ಈಗ ನಿವೃತ್ತಿಯಾಗಿದೆ. ಮನೆಯಲ್ಲಿ ನಾನೊಬ್ಬಳೇ. ನನ್ನ ಮಂಚದಲ್ಲೂ ಬಿಸಿ ಹಾಗೆಯೇ ಮಗ್ಗುಲು ಬದಲಿಸುತ್ತದೆ. ಮೊದಮೊದಲು ಹೆದರಿದೆ, ಈಗ ಬರೀ ಸುಸ್ತು.

ನಿನ್ನೆ ಮಧ್ಯಾಹ್ನ ಎರಡು ದಾಟಿ ಮೂರಾದರೂ ಬಿಸಿ ಬಲಗಡೆಯೇ ಉಳಿದಿತ್ತು. ಸತ್ತವರಿಗೂ ಡ್ಯೂಟಿ ಮಾಡುವುದು ನನ್ನ ಹಣೆಬರಹ ಎಂದುಕೊಂಡು ಬಗ್ಗಿದೆ. ಏನೂ ಕಾಣದಲ್ಲಿ ಎರಡೂ ಕೈ ಹಾಕಿ ಎಂದಿನಂತೆ ಮಗ್ಗುಲು ಬದಲಿಸಿದೆ.

ಭಾರವಿತ್ತು.